ಮುಂಬಯಿ ದೂರವಾದ ದಿನ

ಆದೋನಿಯ ತಾಲೂಕು ಕಚೇರಿ ಗುಮಾಸ್ತ ಸೇತುಮಾಧವರಾಯರು ವಿಮಾನ ಹತ್ತಿದವರಲ್ಲ. ಬಳ್ಳಾರಿಯ ಬಯಲಿನಲ್ಲಿ ಟಪಾಲಿನ ವಿಮಾನ ಇಳಿಯತೊಡಗಿದ ಹೊಸದರಲ್ಲಿ ಒಮ್ಮೆ ಹೋಗಿ, ಧೂಳು ತಿಂದು, ನೋಡಿ ಬಂದವರು. ಅಷ್ಟಕ್ಕೇ ಆಕಾಶ ಅವರ ಸ್ವಂತ ಆಸ್ತಿಯಾಯಿತು. ಭೂಪಟದ ಮೇಲೆ ಹೊಲಿಗೆಯ ದಾರವಿಟ್ಟು ಅಳೆದರು. ಮುಂಬಯಿಯಿಂದ ಬಳ್ಳಾರಿಗೆ ನಾನೂರು ಮೈಲಿಗೂ ಕಡಿಮೆ, ನಾಲ್ಕೇ ತಾಸು ಎಂದು ಸಾರಿದರು.

"ಮುಂಬಯಿ ಇನ್ನ ನಮ್ಮ ಹಿತ್ತಲ," ಎನ್ನುತ್ತಿದ್ದರು. ಪುರೋಹಿತ ಪ್ರಹ್ಲಾದಾಚಾರ್ಯರು ಎತ್ತಿನ ಗಾಡಿಯಲ್ಲಿ ಮಂತ್ರಾಲಯಕ್ಕೆ ಹೊರಟಾಗ, ನಾಲ್ಕು ಜನರೆದುರು, "ಆಚಾರ್ರ, ನೀವು ಹೋಗಿ ಮುಟ್ಟೂದ್ರಾಗ ವಿಮಾನ ಮುಂಬಯಿಗೆ ಹೋಗಿ ಹೊಳ್ಳಿ ಬರ್ತದ," ಎಂದು ನಕ್ಕಿದ್ದರು. ಆಚಾರ್ಯರು ಗಾಡಿ ಹೊಡೆಯಲು ಹೇಳಿದ್ದರು.

ಮಗಳು ಜಾನಕಿಯ ಮದುವೆಯ ಬೆಳಿಗ್ಗೆ ತಂತಿ ಬಂತು. ಮುಂಬಯಿಯಲ್ಲಿದ್ದ ದಾಯಾದಿ ಶ್ರೀಪಾದ ತೀರಿಕೊಂಡಿದ್ದ. ದಾಯಾದಿ ಸತ್ತರೆ ಹತ್ತು ದಿನ ಸೂತಕ. ಮದುವೆಗೆ ಮುಂಚಿನ ನಾಂದಿ ಪೂಜೆ ಆಗಿದ್ದರೆ ಅದು ತಾಗುತ್ತಿರಲಿಲ್ಲ, ಇನ್ನೂ ಆಗಿರಲಿಲ್ಲ. ಬೀಗರು ಪಕ್ಕದ ಓಣಿಯಲ್ಲಿ ಇಳಿದಿದ್ದರು. ಮುಹೂರ್ತ ತಪ್ಪಿದರೆ ಬೇರೆ ಹೆಣ್ಣು ನೋಡುವ ಪೈಕಿ ಜನ.

ಉಳಿದದ್ದು ಒಂದೇ ದಾರಿ. ದೊಡ್ಡ ನದಿ ಅಡ್ಡವಿರುವ, ಭಾಷೆ ಬೇರೆಯಾದ ದೇಶಾಂತರದಲ್ಲಿ ಸತ್ತಿದ್ದರೆ ತಲೆಗೆ ಸ್ನಾನ ಮಾಡಿದರೆ ಸಾಕು. ಆಚಾರ್ಯರು ಅರ್ಧ ಊರಿನ ಶುಭಕಾರ್ಯಗಳನ್ನು ಈ ಮಾತಿನಿಂದಲೇ ಉಳಿಸಿದ್ದರು.

"ಮುಂಬಯಿ ದೇಶಾಂತರ ಅಲ್ಲೇನ್ರಿ ಆಚಾರ್ರ? ನಡುವ ತುಂಗಭದ್ರಾ, ಕೃಷ್ಣಾ, ಭೀಮಾ..." ರಾಯರಿಗೆ ನದಿಗಳೆಲ್ಲ ಒಮ್ಮೆಲೇ ನೆನಪಾದವು.

"ದೇಶಾಂತರನ ಇತ್ತು. ನೀವ ಹಿತ್ತಲ ಮಾಡಿಬಿಟ್ಟ್ರಿ. ನಿಮ್ಮ ವಿಮಾನ ನದಿ ದಾಟೂ ಮುಂದ ಕಾಲು ತೊಯ್ಸಿಕೋತದೇನು?"

"ಅದು ಮಾತಿಗೆ ಅಂದದ್ದು..."

"ದಾರ ಇಟ್ಟು ಅಳದು ತೋರ್ಸಿದ್ರಲ್ಲ ರಾಯರ! ನಾಲ್ಕು ತಾಸಿನ ಊರು ಎಲ್ಲಿ ದೇಶಾಂತರ?"

ಅಡುಗೆಮನೆಯ ಬಾಗಿಲಿಗೆ ರಾಯರ ಹೆಂಡತಿ ವೆಂಕೂಬಾಯಿ ಬಂದು ನಿಂತರು.

"ಆಚಾರ್ರ, ಆ ವಿಮಾನದಾಗ ನಮ್ಮಂಥಾವ್ರು ಕೂಡ್ತಾರೇನು?"

"ಇಲ್ಲಮ್ಮ. ಟಪಾಲಿನ ಚೀಲ. ಎಂದರ ಒಮ್ಮೆ ಒಬ್ಬ ಸಾಹೇಬ."

"ಹಂಗಾರ ಮುಂಬಯಿ ಹತ್ತರ ಆದದ್ದು ಆ ಚೀಲಕ್ಕ. ಸೂತಕ ಅದಕ್ಕ ಹಿಡೀಲಿ. ನಮ್ಮ ಮನಿಯವ್ರಿಗೆ ಬಳ್ಳಾರಿಗೆ ಹೋಗಿ ವಿಮಾನ ನೋಡಿ ಬರ್ಲಿಕ್ಕೇ ಎರಡು ದಿನ ಬೇಕಾತು."

ಆಚಾರ್ಯರು ನಕ್ಕರು. ಆದರೆ ಹಿಡಿತ ಬಿಡಲಿಲ್ಲ. "ಆತಮ್ಮ. ಆದ್ರ ಹತ್ತರ ಅಂದ ಬಾಯಿನ ದೂರ ಅನ್ನಬೇಕು. ಎಲ್ಲಾರ ಮುಂದ."

ರಾಯರು ಬಾವಿಕಟ್ಟೆಯಲ್ಲಿ ತಲೆಗೆ ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಚಪ್ಪರದ ಕೆಳಗೆ ನಿಂತರು.

"ಮುಂಬಯಿ ಭಾಳ ದೂರ ಅದ."

"ಬೀಗರಿಗೆ ಕೇಳಿಸ್ಲಿಲ್ಲ," ಎಂದರು ಆಚಾರ್ಯರು.

ರಾಯರು ಕೂಗಿ ಹೇಳಿದರು. ಯಾರೋ ಕಿಸಕ್ಕನೆ ನಕ್ಕರು. ವಾಲಗ ಶುರುವಾಯಿತು, ನಾಂದಿಗೆ ಮಣೆ ಹಾಕಿದರು, ಮುಹೂರ್ತ ಉಳಿಯಿತು.

ಶ್ರೀಪಾದ ಚಿಕ್ಕಂದಿನಲ್ಲಿ ರಾಯರ ಜೊತೆ ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವನು. ಅವನಿಗೆ ಏನಾಗಿತ್ತೆಂದು ಊಟದ ಎಲೆ ಎತ್ತುವವರೆಗೂ ಒಬ್ಬರೂ ಕೇಳಲಿಲ್ಲ. ರಾಯರೂ ಹೇಳಲಿಲ್ಲ.