ಮುಲಾಮು ಹಚ್ಚಿಕೊಂಡು ಹುಳುಮನೆಗೆ ಹೋದೆ

"ಅಲ್ಲೇ ನಿಂತ್ಕೊ ಅಕ್ಕ, ಒಳಗೆ ಬರ್ಬೇಡ!" ಎಂದು ಸಾದಲಿ ಊರಿನ ನನ್ನ ಗೆಳತಿ ರತ್ನಮ್ಮ ರೇಷ್ಮೆಹುಳು ಮನೆಯೊಳಗಿಂದ ಕೂಗಿದಳು.

ಬೆಳಗಾದರೆ ನಾವು ಏಳು ಮಂದಿ ಹೆಂಗಸರು ತಿರುಪತಿಗೆ ಕಾಲ್ನಡಿಗೆಯಲ್ಲಿ ಹೊರಡಬೇಕಿತ್ತು. ತಾನು ಬರುವುದಿಲ್ಲವೆಂದು ಅವಳು ಫೋನ್ ಮಾಡಿದ್ದೇ ತಡ, ಉಳಿದ ಆರು ಮಂದಿಯೂ ಅವಳ ಮನೆಗೆ ಓಡಿದ್ದೆವು. ಹುಳುಗಳು ಒಂದು ದಿನ ಮೊದಲೇ ಹಣ್ಣಾಗಿ ಮೇವು ಬಿಟ್ಟಿದ್ದವು. ಅವನ್ನೆಲ್ಲ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಕೂಡಲೇ ಬಿಡಬೇಕು. ಮನೆಯಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ.

ಐವರು ಕೈಕಾಲು ತೊಳೆದು ಒಳಹೊಕ್ಕರು. ನಾನೊಬ್ಬಳು ಹೊರಗುಳಿದೆ. ನಡಿಗೆಗೆ ಕಾಲು ಗಟ್ಟಿಯಾಗಲೆಂದು ಮಧ್ಯಾಹ್ನವೇ ಮಂಡಿಯಿಂದ ಪಾದದವರೆಗೆ ನೋವಿನ ಮುಲಾಮು ಮೆತ್ತಿಕೊಂಡಿದ್ದೆ. ಆ ಘಾಟು ಹುಳುಗಳಿಗೆ ಆಗದು.

"ನಮ್ಮ ಹುಳುಗಳಿಗೆ ಮಂಡಿ ನೋವಿಲ್ಲ ಕಣಕ್ಕ!" ಎಂದು ರತ್ನಮ್ಮ ಅಂದದ್ದಕ್ಕೆ ಒಳಗೆಲ್ಲ ನಗುವೋ ನಗು.

ಸುಮ್ಮನೆ ಕೂರಲಾಗದೆ ಜಗಲಿಯಲ್ಲೇ ಅವಳ ಚೀಲ ತುಂಬತೊಡಗಿದೆ. ಎರಡು ಸೀರೆ, ಟಾರ್ಚು, ಹುರಿಹಿಟ್ಟು, ಕಾಲಿಗೆ ಒಗ್ಗಿದ ಹಳೆಯ ಚಪ್ಪಲಿ. ಬಂದಾಳೋ ಇಲ್ಲವೋ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಹೊತ್ತು ಮುಳುಗುವಾಗ ಅವಳ ಗಂಡ ಖಾಲಿ ತಟ್ಟೆ ಹಿಡಿದು ಹೊರಬಂದರು. "ಎಲ್ಲಾ ಚಂದ್ರಿಕೆ ಹತ್ತಿದ್ವಮ್ಮ. ಇನ್ನು ನಾನ್ ನೋಡ್ಕೋತೀನಿ, ಇವಳನ್ನ ಕರ್ಕೊಂಡು ಹೊರಡಿ." ನಾನು ಚೀಲದ ಗಂಟು ಬಿಗಿದೆ.

ಮೂರನೆಯ ದಿನ ದಾರಿಯಲ್ಲಿ ಮಂಡಿ ಹಿಡಿದುಕೊಂಡು ಮುಲಾಮು ಕೇಳಿದವಳು ರತ್ನಮ್ಮನೇ. "ಅಲ್ಲೇ ನಿಂತ್ಕೊ" ಎಂದು ರೇಗಿಸಿಯೇ ಕೊಟ್ಟೆ. ಇಂದಿಗೂ ಆ ಘಾಟು ಮೂಗಿಗೆ ಬಡಿದರೆ ಸಾಕು, ನನ್ನ ಕಾಲುಗಳು ಹೊರಡಲು ತವಕಿಸುತ್ತವೆ.