ರೊಟ್ಟಿ ಏರಿದ ತಾಸು

ಎಕ್ಸೆಲ್ ಶೀಟ್ ನೋಡುತ್ತಿದ್ದವನು ದಂಗಾದೆ. ಹುಬ್ಬಳ್ಳಿಯ ನಮ್ಮ ಖಡಕ್ ರೊಟ್ಟಿ ಘಟಕದಲ್ಲಿ ತಾಸಿಗೆ ಎಷ್ಟು ರೊಟ್ಟಿ ಆಗುತ್ತವೆಂದು ವಾರವಿಡೀ ಅದರಲ್ಲಿ ತುಂಬಿಸಿದ್ದೆ. ದಿನವೂ ಹನ್ನೊಂದರ ನಂತರದ ತಾಸಿನಲ್ಲೇ ರೊಟ್ಟಿ ಹೆಚ್ಚು. ಅದು ನಾನು ದುರ್ಗದಬೈಲಿನ ಅಂಗಡಿಗಳಿಗೆ ಮಾಲು ಕೊಡಲು ಹೋಗುವ ಹೊತ್ತು!

ರೊಟ್ಟಿ ಬಡಿಯುತ್ತಿದ್ದ ಶಾಂತಕ್ಕನನ್ನು ಕಾರಣ ಕೇಳಿದೆ. ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿ ನಕ್ಕರು.

“ಸಿಟ್ಟಾಗಬ್ಯಾಡ್ರಿ ಅಣ್ಣಾರ. ನೀವು ಹಿಂದ ನಿಂತು ‘ಲಗೂ ಲಗೂ’ ಅಂದ್ರ ರೊಟ್ಟಿ ಹರೀತಾವ್ರಿ, ಮತ್ತ ನಾದಿ ಬಡೀಬೇಕು. ನೀವು ಹೋದ್ರ ಹಾಡಕೋಂತ ಆರಾಮ ಬಡೀತೇವ್ರಿ.”

ಉಳಿದವರೂ ಗೊಳ್ಳೆಂದು ನಕ್ಕರು. ನನಗೂ ತಡೆಯಲಾಗಲಿಲ್ಲ.

ಈಗ ಮಾಲು ಕೊಟ್ಟ ಮೇಲೂ ನಾನು ಗಡಿಬಿಡಿಯಿಂದ ಮರಳುವುದಿಲ್ಲ. ದುರ್ಗದಬೈಲಿನಲ್ಲೇ ಕೂತು ಇನ್ನೊಂದು ಚಹಾ ಹೇಳುತ್ತೇನೆ. ನಮ್ಮ ಘಟಕದ ಉತ್ಪಾದನೆಗೆ ನನ್ನ ದೊಡ್ಡ ಕೊಡುಗೆ ಅದೇ.