ಮುನ್ನೂರ ಎರಡನೇ ನಂಬರಿನ ಮನೆ

ನಮ್ಮ ಮನೆಯ ಎದುರಿಗೆ ಹೊಸ ಕಟ್ಟಡವೊಂದು ಏಳುತ್ತಿದೆ. ಬೆಳಿಗ್ಗೆ ಏಳೂವರೆಗೆ ಹೆಂಗಸೊಬ್ಬಳು ಪೈಪು ಹಿಡಿದು ನಿನ್ನೆ ಕಟ್ಟಿದ ಗೋಡೆಗೆ ನೀರು ಹೊಡೆಯುತ್ತಾಳೆ. ಹಸಿ ಸಿಮೆಂಟಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಮೊದಲ ಮಳೆಗೆ ನೆನೆದ ಮಣ್ಣಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಇದರ ಬಗ್ಗೆ ಯಾರೂ ಬರೆದದ್ದು ನಾನು ನೋಡಿಲ್ಲ. ತಣ್ಣಗೆ, ಸುಣ್ಣದ ಹಾಗೆ ತುಸು ಘಾಟು, ಮೂಗಿನೊಳಗೆ ಹೋಗಿ ಅಂಟಿಕೊಳ್ಳುವ ವಾಸನೆ ಅದು. ನನ್ನ ಮಟ್ಟಿಗೆ ತವರುಮನೆಯ ವಾಸನೆ. ಅಡುಗೆಮನೆಯ ಕಿಟಕಿ ತೆರೆದು ನಿಂತರೆ ಅವ್ವ ಇಲ್ಲೇ ಎಲ್ಲೋ ಸೀರೆ ಎತ್ತಿ ಕಟ್ಟಿಕೊಂಡು ಪೈಪು ಎಳೆಯುತ್ತಿದ್ದಾಳೆ ಅನ್ನಿಸುತ್ತದೆ, ಕೈಯಲ್ಲಿನ ಚಹಾ ಆರಿಹೋಗುತ್ತದೆ. ಈ ವಾರ ಮಾತ್ರ ಆ ವಾಸನೆ ಬಂದಾಗಲೆಲ್ಲ ಸಿಟ್ಟು ಬರುತ್ತಿದೆ. ಕಾರಣ, ಹೋದ ಭಾನುವಾರ ಕೇಳಿದ ಒಂದು ಭಾಷಣ.

ಪುಣೆಯ ಕನ್ನಡಿಗರು ನಾಲ್ಕು ಜನ ಸೇರಿ ಒಂದು ಮದುವೆ ಹಾಲಿನಲ್ಲಿ ಕಾರ್ಯಕ್ರಮ ಇಟ್ಟುಕೊಂಡಿದ್ದರು. ನಾನು ಶಿವಾಜಿನಗರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ, ಹೀಗಾಗಿ ನನ್ನನ್ನೂ ವೇದಿಕೆಯ ಮೇಲೆ ಕೂರಿಸಿದ್ದರು. ಮಾತಾಡಿದವನು ಪ್ರಕಾಶಣ್ಣ. ಕರಾವಳಿಯಿಂದ ಬಂದ ಹೋಟೆಲಿನವರ ಮಗ, ಈಗ ನಾಲ್ಕು ಹೋಟೆಲುಗಳ ಯಜಮಾನ, ಚಿಕ್ಕಂದಿನಿಂದ ನನಗೆ ಗೊತ್ತು. ಅವನು ಹೇಳಿದ್ದಿಷ್ಟು. ನಾವು ಸಮುದ್ರದ ಕಡೆಯಿಂದ ಬರಿಗೈಯಲ್ಲಿ ಬಂದೆವು, ಯಾದಗಿರಿ ಕಡೆಯವರೂ ಬರಿಗೈಯಲ್ಲಿ ಬಂದರು. ಊರು ಒಂದೇ, ಭಾಷೆ ಒಂದೇ. ನಾವು ಎಲ್ಲಿದ್ದೇವೆ, ಅವರು ಎಲ್ಲಿದ್ದಾರೆ? ಅವರು ಇವತ್ತಿಗೂ ಬುಟ್ಟಿ ಹೊರುತ್ತಿದ್ದಾರೆ. ಆಮೇಲೆ ಫೋನಿನಲ್ಲಿ ಓದಿದ್ದನ್ನೂ ಸೇರಿಸಿದ. ಅಮೆರಿಕಕ್ಕೆ ಹೋದ ಜರ್ಮನರ ಮೊಮ್ಮಕ್ಕಳು ಒಂದು ಕಡೆ ಇದ್ದಾರಂತೆ, ಕ್ಯೂಬಾದಿಂದ ಹೋದವರ ಮೊಮ್ಮಕ್ಕಳು ಇನ್ನೊಂದು ಕಡೆ ಇದ್ದಾರಂತೆ, ದೇಶ ಎಲ್ಲರಿಗೂ ಒಂದೇ, ವ್ಯತ್ಯಾಸ ಇರುವುದು ಸಂಸ್ಕಾರದಲ್ಲಿ. ಕೊನೆಗೆ ನನ್ನ ಕಡೆ ಕೈ ತೋರಿಸಿ, ಇವರೂ ಆ ಕಡೆಯವರೇ, ಮನಸ್ಸು ಮಾಡಿದರೆ ಏನಾಗಬಹುದು ಎನ್ನುವುದಕ್ಕೆ ಇವರೇ ಸಾಕ್ಷಿ ಎಂದ. ಚಪ್ಪಾಳೆ ಬಿತ್ತು. ನನ್ನ ಮೈಯೆಲ್ಲ ಉರಿದು ಹೋಯಿತು.

ಈ ಸಾಕ್ಷಿ ಅಂದು ಹೇಳದೆ ಉಳಿದದ್ದನ್ನು ಈಗ ಹೇಳುತ್ತೇನೆ. ಪುಣೆಯ ಅಂಚಿನ ಖರಾಡಿಯಲ್ಲಿ ಆಗಿನ್ನೂ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಕಟ್ಟಡ ಏಳುತ್ತಿದ್ದ ಕಾಲ. ಅಪ್ಪ ಗೌಂಡಿ, ಗೋಡೆ ಕಟ್ಟುವವನು. ಅವ್ವನದು ನೀರು ಹೊಡೆಯುವ ಕೆಲಸ. ಇಟ್ಟಿಗೆ, ಗಾರೆ, ಸ್ಲ್ಯಾಬು ಏನೇ ಆಗಲಿ, ಕಟ್ಟಿದ ಮೇಲೆ ದಿನಗಟ್ಟಲೆ ನೀರು ಕುಡಿಸದಿದ್ದರೆ ಬಿರುಕು ಬಿಡುತ್ತದೆ. ಕಂಬಗಳಿಗೆ ಗೋಣಿತಟ್ಟು ಸುತ್ತಿ ನೆನೆಸುತ್ತಿದ್ದಳು, ಸ್ಲ್ಯಾಬಿನ ಮೇಲೆ ಗಾರೆಯಿಂದ ಸಣ್ಣ ಸಣ್ಣ ಬದು ಕಟ್ಟಿ ಗದ್ದೆಯ ಹಾಗೆ ನೀರು ನಿಲ್ಲಿಸುತ್ತಿದ್ದಳು. ನನಗೂ ಅಕ್ಕನಿಗೂ ಅದೇ ಕೆರೆ. ಚಪ್ಪಲಿ ತೇಲಿಬಿಟ್ಟು ಯಾರದು ಮೊದಲು ಬದು ಮುಟ್ಟುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಅಕ್ಕ ಮಲ್ಲಮ್ಮ ನನಗಿಂತ ಮೂರು ವರ್ಷ ದೊಡ್ಡವಳು. ಗೆದ್ದದ್ದು ತಾನಾದರೂ ನೀನೇ ಗೆದ್ದೆ ಎನ್ನುತ್ತಿದ್ದಳು, ನಾನು ಪೆದ್ದಿಯ ಹಾಗೆ ನಂಬುತ್ತಿದ್ದೆ.

ಮೊದಲು ತಗಡಿನ ಜೋಪಡಿಯಲ್ಲಿದ್ದೆವು. ಮೂರನೇ ಮಹಡಿಯ ಗೋಡೆ ಎದ್ದ ಮೇಲೆ ಮುಕಾದಮ, ಅಂದರೆ ನಮ್ಮನ್ನು ಊರಿನಿಂದ ಕರೆತಂದ ಕೂಲಿಯವರ ಮುಖಂಡ, ಸಾಮಾನು ಕಾಯಲಿಕ್ಕೆ ಒಂದು ಸಂಸಾರ ಮೇಲೆಯೇ ಇರಲಿ ಎಂದು ನಮ್ಮನ್ನು ಅಲ್ಲಿಗೆ ಕಳಿಸಿದ. ಬಾಗಿಲಿಲ್ಲದ, ಕಿಟಕಿಗೆ ಚೌಕಟ್ಟಿಲ್ಲದ ಮನೆ. ಅಪ್ಪ ಗೋಡೆಯ ಮೇಲೆ ಸುಣ್ಣದ ತುಂಡಿನಿಂದ ೩೦೨ ಎಂದು ಬರೆದಿದ್ದ, ಯಾವ ಮನೆಗೆ ಎಷ್ಟು ಇಟ್ಟಿಗೆ ಎಂದು ಗೊತ್ತಾಗಲಿ ಅಂತ. ಅವ್ವ ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟಳು. ಮುಂದೆ ಯಾರದೋ ಹಾಲ್ ಆಗಬೇಕಾಗಿದ್ದ ಕಡೆ ಮೂರು ಇಟ್ಟಿಗೆ ಇಟ್ಟು ರೊಟ್ಟಿ ಬಡಿಯುತ್ತಿದ್ದಳು. ಉರಿಸುವುದು ಸ್ಲ್ಯಾಬಿಗೆ ಹೊಡೆದು ಬಿಚ್ಚಿದ ಹಲಗೆಯ ಚೂರು. ಜೋಳದ ರೊಟ್ಟಿಗೆ ಸಿಮೆಂಟಿನ ಹೊಗೆಯ ಒಂದು ರುಚಿ ಹತ್ತುತ್ತಿತ್ತು. ಒಲೆ ಆರಿದ ಮೇಲೆ ಅಕ್ಕ ಬೂದಿಯಲ್ಲಿ ಉಳಿದ ಮೊಳೆಗಳನ್ನು ಆರಿಸಿ, ಇದ್ದಿಲಿನಿಂದ ಗೋಡೆಯ ತುಂಬ ಮಗ್ಗಿ ಬರೆಯುತ್ತಿದ್ದಳು. ಮುಕಾದಮನ ಮಗನ ಪುಸ್ತಕ ನೋಡಿಯೇ ಹದಿಮೂರರ ಮಗ್ಗಿಯವರೆಗೆ ಕಲಿತಿದ್ದಳು. ನನಗೆ ಐದರದ್ದೂ ಬರುತ್ತಿರಲಿಲ್ಲ.

ಕಟ್ಟಡದ ಎದುರಿಗೇ ಪ್ರಕಾಶಣ್ಣನ ಅಪ್ಪನ ಹೋಟೆಲು. ಕುಡಿಯುವ ನೀರಿಗೆ ಅವ್ವ ಅಲ್ಲಿಗೆ ಹೋಗುತ್ತಿದ್ದಳು. ಮೊದಲ ದಿನ ಅವ್ವ ಮುರುಕು ಮರಾಠಿಯಲ್ಲಿ ನೀರು ಕೇಳಿ, ನನಗೆ ಕನ್ನಡದಲ್ಲಿ ಗದರಿದಳು; ಅದನ್ನು ಕೇಳಿಸಿಕೊಂಡು ಹೋಟೆಲಿನ ಯಜಮಾನರ ಹೆಂಡತಿ ವಾರಿಜಕ್ಕ ಹೊರಗೆ ಬಂದರು. ಇಬ್ಬರ ಕನ್ನಡವೂ ಒಂದಕ್ಕೊಂದು ಒಗ್ಗುತ್ತಿರಲಿಲ್ಲ. ಅವರು ಎಂತ ಎಂದರೆ ಅವ್ವನಿಗೆ ನಗು, ಅವ್ವ ಹೌದ್ರಿ ಎಂದರೆ ಅವರಿಗೆ ನಗು. ಅಂದಿನಿಂದ ಹೋಟೆಲಿನ ಹಿತ್ತಲ ನಲ್ಲಿ ನಮ್ಮದಾಯಿತು. ವಾರಿಜಕ್ಕ ಒಳ್ಳೆಯವರು, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನನ್ನ ಸಿಟ್ಟು ಅವರ ಮೇಲಲ್ಲ.

ಆ ವರ್ಷ ಅಪ್ಪನಿಗೆ ನಮ್ಮನ್ನು ಸಾಲಿಗೆ, ಅಂದರೆ ಶಾಲೆಗೆ, ಹಚ್ಚುವ ಹುಕಿ ಬಂತು. ಅಕ್ಕನ ಮಗ್ಗಿ ನೋಡಿಯೇ ಬಂದದ್ದು. ಇಬ್ಬರಿಗೂ ಎಣ್ಣೆ ಹಚ್ಚಿ ತಲೆ ಬಾಚಿ ಕರೆದುಕೊಂಡು ಹೋದ. ಸಾಲಿಯ ಗುಮಾಸ್ತ ತಲೆ ಎತ್ತದೆ, ಪತ್ತಾ ಸಾಂಗಾ, ವಿಳಾಸ ಹೇಳಿ ಎಂದ. ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ಕಟ್ಟಡದ ಹೆಸರು ಹೇಳಿ, ಮುನ್ನೂರ ಎರಡು ಎಂದ. ಅವನಿಗೆ ಅದರಲ್ಲಿ ಸುಳ್ಳು ಏನೂ ಕಾಣಲಿಲ್ಲ. ಆ ಗೋಡೆ ಕಟ್ಟಿದವನು ಅವನು, ನಂಬರು ಬರೆದವನು ಅವನು, ಒಲೆ ಹೊತ್ತಿದ್ದು ಅಲ್ಲಿ, ತಮ್ಮ ಹುಟ್ಟಿದ್ದೂ ಅಲ್ಲಿ. ಮನೆ ಅಂದರೆ ಇನ್ನೇನು ಇರುತ್ತದೆ? ಗುಮಾಸ್ತನೂ ಬರೆದುಕೊಂಡ. ಹದಿನೈದು ದಿನ ನಾವಿಬ್ಬರೂ ಸಾಲಿಗೆ ಹೋದೆವು. ಅಕ್ಕನನ್ನು ಅವಳ ವಯಸ್ಸಿಗೆ ಸಣ್ಣ ತರಗತಿಯಲ್ಲಿ ಕೂರಿಸಿದ್ದರು, ಮಾಸ್ತರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಅವಳು ಉತ್ತರ ಹೇಳುತ್ತಿದ್ದಳು.

ಆಮೇಲೆ ಸಾಲಿಯವರು ಜನ್ಮದಾಖಲೆ ತನ್ನಿ ಎಂದು ಒಂದು ಕಾಗದ ಅಂಚೆಗೆ ಹಾಕಿದರು. ಬಾಗಿಲಿಲ್ಲದ ಮನೆಗೆ ಬಂದ ಕಾಗದವನ್ನು ಅಂಚೆಯವನು ಕೆಳಗೆ ಕಟ್ಟಡದ ಸೈಟಿನ ಆಫೀಸಿಗೆ ಕೊಟ್ಟ. ಆಗಲೇ ಮಾರಾಟವಾಗಿದ್ದ ಫ್ಲ್ಯಾಟಿನ ನಂಬರಿನ ಮುಂದೆ ಒಬ್ಬ ಗೌಂಡಿಯ ಹೆಸರು! ಅಲ್ಲಿನ ಸಾಹೇಬನಿಗೆ ಇವರು ಕಾಗದಪತ್ರ ಮಾಡಿಸಿಕೊಂಡು ಮನೆ ನುಂಗಲು ಹೊರಟಿದ್ದಾರೆ ಎನ್ನಿಸಿತು. ಆ ಭಾನುವಾರ ನಾವು ಜೇಜುರಿಗೆ, ಖಂಡೋಬನ ದರ್ಶನಕ್ಕೆ ಹೋಗಿದ್ದೆವು, ಊರ ಕಡೆಯವರೂ ಬಂದಿದ್ದರು, ತಲೆಯ ತುಂಬ ಭಂಡಾರದ ಅರಿಶಿನ ಹಾರಿಸಿಕೊಂಡು ಕುಣಿದಿದ್ದೆವು. ಸಂಜೆ ಹಿಂತಿರುಗಿದರೆ ನಮ್ಮ ಪಾತ್ರೆ, ಹಾಸಿಗೆ, ತಮ್ಮನ ತೊಟ್ಟಿಲಿನ ಸೀರೆ ಎಲ್ಲ ಗೇಟಿನ ಹೊರಗೆ ಮರಳಿನ ಗುಡ್ಡೆಯ ಮೇಲೆ ಬಿದ್ದಿದ್ದವು. ಅಪ್ಪ ಹಣೆಯ ಮೇಲಿನ ಅರಿಶಿನದ ಸಮೇತ ಕೈಮುಗಿದು ನಿಂತ. ನಾ ಮನಿ ಕೇಳಿಲ್ರಿ ಸಾಹೇಬ್ರ, ಬರೇ ಪತ್ತಾ ಬರಸೀನ್ರಿ ಎಂದು ಕನ್ನಡದಲ್ಲೇ ಹೇಳುತ್ತಿದ್ದ. ಗಾಬರಿಗೆ ಮರಾಠಿ ಮರೆತು ಹೋಗಿತ್ತು. ಸಾಹೇಬನಿಗೆ ಅರ್ಥವೇ ಆಗಲಿಲ್ಲ. ಮರುದಿನ ಸಾಲಿಯಲ್ಲಿ ಸುಳ್ಳು ವಿಳಾಸ ಎಂದು ನಮ್ಮಿಬ್ಬರ ಹೆಸರನ್ನೂ ಹೊಡೆದು ಹಾಕಿದರು.

ಅಪ್ಪನಿಗೆ ಹತ್ತಿರದಲ್ಲೇ ಇನ್ನೊಂದು ಸೈಟಿನಲ್ಲಿ ಕೆಲಸ ಸಿಕ್ಕಿತು, ನಾವು ಮತ್ತೆ ತಗಡಿಗೆ ಬಂದೆವು. ಅವ್ವ ನಮ್ಮಿಬ್ಬರ ಕೈ ಹಿಡಿದು ವಾರಿಜಕ್ಕನ ಬಳಿ ಹೋದಳು. ಅವರು ಬಹಳ ಹೊತ್ತು ಕೇಳಿಸಿಕೊಂಡು, ಒಳಗೆ ಹೋಗಿ, ದೇವರ ಫೋಟೋದ ಹಿಂದೆ ಮಡಚಿಟ್ಟಿದ್ದ ಹೋಟೆಲಿನ ಲೈಟ್ ಬಿಲ್ಲು ತಂದರು. ತಮ್ಮ ಮಕ್ಕಳು ಓದುವ ಸಾಲಿಯಲ್ಲಿ ವಿಳಾಸಕ್ಕೆ ಇದನ್ನು ತೋರಿಸುತ್ತೇನೆ ಎಂದರು. ಆಮೇಲೆ ನಮ್ಮಿಬ್ಬರ ಮುಖ ನೋಡಿದರು.

"ಒಬ್ಬಳಾದರೆ ನನ್ನ ತಂಗಿಯ ಮಗಳು ಅಂತ ಹೇಳ್ಲಿಕ್ಕೆ ಆಗ್ತದೆ. ಇಬ್ಬರು ಅಂದ್ರೆ ಅವರಿಗೆ ಸಂಶಯ ಬರ್ತದೆ ಮಾರಾಯ್ತಿ."

ಬುದ್ಧಿವಂತೆ ಯಾರು ಎಂದು ಅವ್ವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡಿದ್ದ ಅಕ್ಕನಿಗೆ ಆಗ ಹತ್ತು ವರ್ಷ. ಅವಳೇ ಮಾತಾಡಿದಳು.

"ಇಕಿನ್ನ ಕಳಸ್ರಿ. ನನಗ ತಮ್ಮನ್ನ ಹಿಡ್ಕೊಳ್ಳಾಕ ಬರ್ತದ, ಇಕಿಗೆ ಬರಂಗಿಲ್ಲ."

ನಾನು ಏನು ಮಾಡಿದೆ ಗೊತ್ತೇ? ಖುಷಿಪಟ್ಟೆ. ಪಾಟಿ ಹಿಡಿದು ಹೋಟೆಲಿನ ಮುಂದೆ ಕುಣಿದೆ. ಅಕ್ಕನಿಗೆ ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಬೇರೆ ಸೈಟು, ಅದರ ಮುಂದಿನ ವರ್ಷ ತಮ್ಮ ತಾನೇ ಓಡಾಡುವಂತಾಗಿ ಅವಳ ಕೈ ಖಾಲಿಯಾಗುತ್ತಲೇ ಅದಕ್ಕೆ ಬುಟ್ಟಿ ಬಂತು. ಹದಿನೈದಕ್ಕೆ ಮದುವೆ ಮಾಡಿದರು, ಗಂಡನೂ ಸೈಟಿನವನೇ. ಅಲ್ಲಿಂದ ಇಲ್ಲಿಯವರೆಗೆ ಅವಳು ಈ ಊರಿನಲ್ಲಿ ನೀರು ಕುಡಿಸದ ಕಟ್ಟಡ ಕಡಿಮೆ.

ಈಗ ಹೇಳು ಪ್ರಕಾಶಣ್ಣ, ಎರಡು ಕಡೆಯವರನ್ನು ತೂಕಕ್ಕಿಟ್ಟೆಯಲ್ಲ, ನಮ್ಮಿಬ್ಬರನ್ನೂ ಇಟ್ಟು ನೋಡು. ಒಂದೇ ಹೊಟ್ಟೆ, ಒಂದೇ ರೊಟ್ಟಿ, ಒಂದೇ ಖಂಡೋಬ. ಸಂಸ್ಕಾರ ಅಂದೆಯಲ್ಲ, ಅದರಲ್ಲಿ ಅವಳು ನನಗಿಂತ ಒಂದು ಕೈ ಮೇಲೆ. ನನ್ನ ಬಳಿ ಇದ್ದದ್ದು ನಿನ್ನ ಅವ್ವ ಕೊಟ್ಟ ಒಂದು ಲೈಟ್ ಬಿಲ್ಲು. ನಿಮ್ಮವರು ದುಡಿಯಲಿಲ್ಲ ಎಂದು ನಾನು ಹೇಳುವುದಿಲ್ಲ. ನಿನ್ನ ಅಪ್ಪ ಲೋಟ ತೊಳೆದೇ ಮೇಲೆ ಬಂದವರು. ಆದರೆ ನಿಮ್ಮವರು ದುಡಿದಷ್ಟೂ ಹೋಟೆಲು ಗಟ್ಟಿಯಾಗುತ್ತಿತ್ತು, ನಮ್ಮವರು ದುಡಿದಷ್ಟೂ ಬೇಗ ಕಟ್ಟಡ ಮುಗಿಯುತ್ತಿತ್ತು, ಕಟ್ಟಡ ಮುಗಿದ ದಿನ ನಾವು ರಸ್ತೆಯಲ್ಲಿರುತ್ತಿದ್ದೆವು. ಜರ್ಮನರ ವಿಷಯ, ಕ್ಯೂಬಾದವರ ವಿಷಯ ನನಗೆ ತಿಳಿಯದು. ಯಾರಾದರೂ ತಿಳಿದವರು ಸಿಕ್ಕರೆ ಒಂದೇ ಮಾತು ಕೇಳುತ್ತೇನೆ. ಅವರು ಹಡಗಿನಿಂದ ಇಳಿದ ದಿನ ದಂಡೆಯ ಮೇಲೆ ಯಾರು ಕಾಯುತ್ತಿದ್ದರು, ಅವರಿಗೆ ಮಲಗಲು ಜಾಗ ತೋರಿಸಿದವರು ಯಾರು?

ಅಂದು ಹಾಲಿನಲ್ಲಿಯೂ ಅದನ್ನೇ ಕೇಳಲು ಹೋದೆ. ಮೈಕು ಕೈಗೆ ಬಂದಾಗ, ನಿಮ್ಮ ಅಪ್ಪ ಪುಣೆಗೆ ಬಂದ ದಿನ ಎಲ್ಲಿ ಮಲಗಿದ್ದರು ಎಂದು ಮಾತ್ರ ಕೇಳಿದೆ. ಪ್ರಕಾಶಣ್ಣ ಹೆಮ್ಮೆಯಿಂದಲೇ ಹೇಳಿದ, ಸೋದರಮಾವನ ಹೋಟೆಲಿನ ಅಟ್ಟದ ಮೇಲೆ, ಹಗಲು ಕೆಲಸ, ಸಂಜೆ ಮಾವ ಹೆಸರು ಬರೆಸಿದ ಶಾಲೆ ಎಂದು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಉತ್ತರ ಅವರ ಕಿವಿಯ ಮೇಲೇ ಬಿದ್ದಿತ್ತು, ಒಬ್ಬರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಊಟಕ್ಕೆ ಕರೆದರು. ನಾನು ಉಣ್ಣದೆ ಬಂದೆ.

ನಿನ್ನೆ ಅಕ್ಕನನ್ನು ನೋಡಲು ಹೋಗಿದ್ದೆ. ಊರಾಚೆಯ ಒಂದು ಸೈಟಿನಲ್ಲಿದ್ದಾಳೆ, ತಗಡಿನ ಮನೆ, ಮಗನೂ ಸೊಸೆಯೂ ಅಲ್ಲೇ ಕೆಲಸಕ್ಕಿದ್ದಾರೆ. ಇಬ್ಬರು ಮೊಮ್ಮಕ್ಕಳು ಅರ್ಧ ಎದ್ದ ಗೋಡೆಯ ಕೆಳಗೆ ನಿಂತ ನೀರಿನಲ್ಲಿ ಚಪ್ಪಲಿ ತೇಲಿಬಿಟ್ಟು ಆಡುತ್ತಿದ್ದವು. ಭಾಷಣದ ಕತೆಯನ್ನೆಲ್ಲ ಹಲ್ಲು ಕಚ್ಚಿಕೊಂಡು ಹೇಳಿದೆ. ಅಕ್ಕ ರೊಟ್ಟಿ ಬಡಿಯುತ್ತ ಕೇಳಿದಳು, ವಾರಿಜಕ್ಕನ ಹೆಸರು ಬಂದಾಗ ಮಾತ್ರ, ಭಾಳ ಚಲೋ ಹೆಣಮಗಳು ಅಂದಳು. ನನ್ನ ಸಿಟ್ಟು ಅವಳಿಗೆ ಬೇಡವಾಗಿತ್ತು. ಅವಳಿಗೆ ಬೇರೇನೋ ಕೇಳುವುದಿತ್ತು, ಕೇಳಲು ಸಂಕೋಚ. ರೊಟ್ಟಿ ತಟ್ಟೆಗೆ ಹಾಕಿ, ತುಪ್ಪವಿಲ್ಲ ಎಂದು ಚಟ್ನಿಪುಡಿಯ ಹಾಗಿನ ಶೇಂಗಾ ಹಿಂಡಿ ಬಡಿಸಿ, ಆಮೇಲೆ ಮಕ್ಕಳನ್ನು ಸಾಲಿಗೆ ಹಚ್ಚಬೇಕು, ವಿಳಾಸ ಕೇಳುತ್ತಾರೆ ಎಂದಳು.

"ನಿನ್ನ ಲೈಟ್ ಬಿಲ್ ಕೊಡ್ತಿ ಏನು? ಒಬ್ಬಾಕಿದು ಆದ್ರ ಸಾಕು ತಂಗಿ. ಸಣ್ಣಾಕಿದು. ದೊಡ್ಡಾಕಿ ಮನ್ಯಾಗ ಇರ್ತಾಳ."

ಮುರಿದ ರೊಟ್ಟಿಯನ್ನು ತಟ್ಟೆಗೆ ಇಟ್ಟೆ. ಒಂದು ವಿಳಾಸಕ್ಕೆ ಒಂದೇ ಮಗು ಎಂದು ಅವಳು ಇಷ್ಟು ವರ್ಷ ತಿಳಿದುಕೊಂಡಿದ್ದಾಳೆ. ನಾನು ಈ ನಗರದಲ್ಲಿ ಲೈಟ್ ಬಿಲ್ಲಿನ ಮೇಲೆ ನನ್ನದೇ ಹೆಸರು ಹಾಕಿಸಿಕೊಂಡು ಹತ್ತು ವರ್ಷವಾಯಿತು, ಒಂದೇ ಬಿಲ್ಲಿನ ಮೇಲೆ ಎಷ್ಟು ಮಕ್ಕಳ ಹೆಸರಾದರೂ ಬರೆಸಬಹುದು ಎಂದು ಅವಳಿಗೆ ಹೇಳಬೇಕೆಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಪ್ರಕಾಶಣ್ಣನ ಮೇಲೆ ಒಂದು ವಾರ ಹಲ್ಲು ಕಡಿದವಳು ನಾನು. ಇಬ್ಬರದೂ ಬರೆಸುತ್ತೇನೆ ಎಂದೆ. ಅಕ್ಕ ನಂಬಲಿಲ್ಲ, ಎರಡು ಸಲ ಕೇಳಿದಳು.

ಬರುವಾಗ ರಿಕ್ಷಾ ಖರಾಡಿಯ ಮೇಲೆ ಬಂತು. ವಾರಿಜಕ್ಕ ಈಗಿಲ್ಲ, ಹೋಟೆಲು ಇದ್ದ ಜಾಗದಲ್ಲಿ ಗಾಜಿನ ಆಫೀಸು ಬಂದಿದೆ. ನಮ್ಮ ಕಟ್ಟಡ ಮಾತ್ರ ಹಳೆಯದಾಗಿ, ಪಾಚಿ ಹಿಡಿದು ನಿಂತಿದೆ. ಮೂರನೇ ಮಹಡಿಯ ಕಿಟಕಿಯಲ್ಲಿ ದೀಪ ಇತ್ತು, ಯಾರೋ ಬಟ್ಟೆ ತೆಗೆಯುತ್ತಿದ್ದರು. ಆ ಹಾಲಿನ ಗೋಡೆಯಲ್ಲಿ, ಬಣ್ಣದ ಕೆಳಗೆ, ಗಾರೆಯ ಕೆಳಗೆ, ಅಪ್ಪ ಇಟ್ಟ ಇಟ್ಟಿಗೆಗಳ ಮೇಲೆ ಅಕ್ಕ ಬರೆದ ಹದಿಮೂರರ ಮಗ್ಗಿ ಇದೆ. ಅವ್ವ ಆ ಗೋಡೆಗೆ ಚೆನ್ನಾಗಿ ನೀರು ಕುಡಿಸಿದ್ದಳು. ಇವತ್ತಿಗೂ ಬಿರುಕು ಬಿಟ್ಟಿಲ್ಲ.